ವಿಮಾನದ ಎರಡು ಹಳೆಯ ಚಿತ್ರಗಳು

ಶಿಲಾಶಾಸನದಲ್ಲಿ ಶಕವರ್ಷವಿಲ್ಲದಿದ್ದರೆ ನಾವು ಲಿಪಿಯನ್ನು ನೋಡಿ ಕಾಲವನ್ನು ಊಹಿಸುತ್ತೇವೆ. ಹಲ್ಮಿಡಿಯ ಶಾಸನವು ಕ್ರಿ. ಶ. 450ರ ಸುಮಾರಿನದೆಂದು ಹೇಳುವುದು ಹಾಗೆಯೇ. ಛಾಯಾಚಿತ್ರದ ಮಾತು ಬಂದಾಗ ಮಾತ್ರ ಈ ಎಚ್ಚರಿಕೆಯನ್ನು ಮರೆತು, ಕಣ್ಣಿಗೆ ಕಂಡದ್ದನ್ನೆಲ್ಲ ಪ್ರಮಾಣವೆಂದು ಒಪ್ಪಿಬಿಡುತ್ತೇವೆ. ಚಿತ್ರವು ಸುಳ್ಳಾಡದಿರಬಹುದು, ಅದರ ಕೆಳಗೆ ಬರೆದ ಹೆಸರು ಆಡುವುದುಂಟು.

ಯಂತ್ರಬಲದಿಂದ ಮೊದಲು ಹಾರಿದವರಾರು ಎಂಬ ಅಮೆರಿಕದ ವ್ಯಾಜ್ಯದಲ್ಲಿ ಇಂಥ ಎರಡು ಚಿತ್ರಗಳು ಸಾಕ್ಷಿಗೆ ನಿಂತಿವೆ. ಒಂದು ರೈಟ್ ಸಹೋದರರದು. ಮರಳಿನ ಬಯಲು, ಹಳಿಯನ್ನು ಬಿಟ್ಟು ಆಗತಾನೆ ಮೇಲೆದ್ದ ಯಂತ್ರ, ಕೆಳಗಿನ ರೆಕ್ಕೆಯ ಮೇಲೆ ಬೋರಲಾಗಿ ಮಲಗಿರುವ ಆರ್ವಿಲ್, ಬಲಗಡೆ ಓಡಿ ಬಂದು ನಿಂತಂತಿರುವ ಅಣ್ಣ ವಿಲ್ಬರ್. ಇದಕ್ಕೆ 1903ನೆಯ ಡಿಸೆಂಬರ್ 17, ಬೆಳಗ್ಗೆ 10-35 ಗಂಟೆ ಎಂದು ಕಾಲವನ್ನು ಕೊಟ್ಟಿದ್ದಾರೆ. ನಾವೇಕೆ ನಂಬಬೇಕು?

ಯಂತ್ರವನ್ನೇ ಕೇಳೋಣ. ಏರಿಳಿಯುವುದಕ್ಕಾಗಿ ತಿರುಗಿಸುವ ಹಲಗೆಗಳು ಮುಂದುಗಡೆ ಇವೆ, ಗಾಲಿಗಳಿಲ್ಲ. 1910ರ ಮಾದರಿಯಲ್ಲಿ ಆ ಹಲಗೆ ಹಿಂದಕ್ಕೆ ಹೋಯಿತು, ಗಾಲಿಗಳೂ ಬಂದವು. ಸವಾರನು ಮಲಗಿದ್ದಾನೆ, 1908ರ ವೇಳೆಗೆ ಸಹೋದರರು ಕುಳಿತು ನಡೆಸುತ್ತಿದ್ದರು. 1904 ಮತ್ತು 1905ರಲ್ಲಿ ಅವರು ಹಾರಿದ್ದು ಡೇಟನ್ ಪಟ್ಟಣದ ಬಳಿಯ ಹುಲ್ಲುಗಾವಲಿನಲ್ಲಿ. ಇಲ್ಲಿ ಕಾಣುವುದು ಉತ್ತರ ಕ್ಯಾರೊಲಿನಾದ ಕಡಲತಡಿಯ ಮರಳು. ಉಳಿದದ್ದು 1903. ಆ ಡಿಸೆಂಬರ್ 14ರಂದು ವಿಲ್ಬರನೂ ಒಮ್ಮೆ ಯತ್ನಿಸಿದ್ದನಷ್ಟೆ. ಆದರೆ ಅಂದು ಹಳಿಯನ್ನು ಹಾಸಿದ್ದುದು ದಿಬ್ಬದ ಇಳಿಜಾರಿನಲ್ಲಿ. ಚಿತ್ರದ ನೆಲ ಸಮವಾಗಿದೆ. 17ರಂದು ನಾಲ್ಕು ಸಲ ಹಾರಿದ ಮೇಲೆ ಗಾಳಿ ಯಂತ್ರವನ್ನು ಉರುಳಿಸಿ ಮುರಿಯಿತು. ಅದು ಮತ್ತೆ ಹಾರಲಿಲ್ಲ. ಹೀಗೆ ಸೋಸುತ್ತ ಬಂದರೆ ಒಂದೇ ದಿನ ಉಳಿಯುತ್ತದೆ. ಯಂತ್ರವು ಹಳಿಯನ್ನು ಬಿಡುವಾಗಲೇ ಡೇನಿಯಲ್ಸ್ ಚಿತ್ರ ತೆಗೆದನೆಂದು ಆರ್ವಿಲ್ಲನ ದಿನಚರಿಯೂ ಹೇಳುತ್ತದೆ. ಈ ಡೇನಿಯಲ್ಸ್ ಸಮೀಪದ ಪ್ರಾಣರಕ್ಷಣೆಯ ಠಾಣೆಯವನು. ಹಿಂದೆಂದೂ ಕ್ಯಾಮರಾ ಮುಟ್ಟಿದವನಲ್ಲವಂತೆ! ಹನ್ನೆರಡು ಸೆಕೆಂಡಿನ, 120 ಅಡಿಯ ಆ ಹಾರಾಟ ಅವನ ಕೈಯಲ್ಲಿ ಉಳಿಯಿತು. ಗಾಜಿನ ಫಲಕ ಮನೆಯವರ ವಶದಲ್ಲಿಯೇ ಇದ್ದು, 1913ರ ಡೇಟನ್ ಪ್ರವಾಹದಲ್ಲಿ ನೆನೆದು, ಮೂಲೆಯೊಂದು ಕೆಟ್ಟಿತು. ಮೂಲೆ ಪೂರ್ತಿಯಾಗಿರುವ ಪ್ರತಿ ದೊರೆತರೆ ಅದು ಪ್ರವಾಹಕ್ಕೆ ಹಿಂದಿನದೆಂದು ತಿಳಿಯಬಹುದು.

ಇನ್ನೊಂದು ಚಿತ್ರದ ಕಥೆ ಬೇರೆ. ಕನೆಕ್ಟಿಕಟ್ ಸಂಸ್ಥಾನದಲ್ಲಿ ನೆಲಸಿದ್ದ ಗುಸ್ಟಾವ್ ವೈಟ್‌ಹೆಡ್ ಎಂಬ ಜರ್ಮನನು 1901ರ ಆಗಸ್ಟಿನಲ್ಲಿಯೇ ಹಾರಿದನೆಂದು ಅಲ್ಲಿನ ಪತ್ರಿಕೆಯೊಂದು ಬರೆದಿತ್ತು. ಜೊತೆಗೆ ಕೊಟ್ಟದ್ದು ಕೈಯಲ್ಲಿ ಬರೆದ ಚಿತ್ರ. 1906ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಆತನ ಯಂತ್ರದ ಮಸುಕಾದ ಛಾಯಾಚಿತ್ರವಿತ್ತೆಂದು ಮತ್ತೊಂದು ವರದಿ. 2013ರಲ್ಲಿ ಸಂಶೋಧಕರೊಬ್ಬರು ಆ ಪ್ರದರ್ಶನಶಾಲೆಯ ಗೋಡೆಯ ಚಿತ್ರವನ್ನು ಹಿಗ್ಗಿಸಿ, ಅಲ್ಲಿ ತೂಗುಹಾಕಿದ್ದ ಒಂದು ಪಟದಲ್ಲಿ ವೈಟ್‌ಹೆಡ್ಡನ ಹಾರಾಟವನ್ನು ಕಂಡರು. ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆಯೆಂಬುದನ್ನು ಯಾರೂ ಗಣಿಸಿದಂತೆ ತೋರುವುದಿಲ್ಲ. ವಿಮಾನಗಳ ಪ್ರಸಿದ್ಧ ವಾರ್ಷಿಕ ಗ್ರಂಥವಾದ ಜೇನ್ಸ್, ಅದೇ ವರ್ಷದ ಮುನ್ನುಡಿಯಲ್ಲಿ ವೈಟ್‌ಹೆಡ್ಡನ ಪಕ್ಷವನ್ನು ಎತ್ತಿಹಿಡಿಯಿತು. ಕನೆಕ್ಟಿಕಟ್ಟಿನವರು ರೈಟರನ್ನು ಬಿಟ್ಟು ಅವನನ್ನು ಗೌರವಿಸುವಂತೆ ಕಾನೂನನ್ನೇ ಮಾಡಿದರು.

ಬಳಿಕ ಕ್ಯಾರೊಲ್ ಗ್ರೇ ಎಂಬ ಇತಿಹಾಸಕಾರರು ಸ್ಪಷ್ಟವಾದ ಮತ್ತೊಂದು ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರು. ಅದು ಕ್ಯಾಲಿಫೋರ್ನಿಯಾದ ಜಾನ್ ಮಾಂಟ್ಗೊಮರಿ ಕಟ್ಟಿದ, ಎಂಜಿನ್ನೇ ಇಲ್ಲದ ಗ್ಲೈಡರು. ಮಾಂಟ್ಗೊಮರಿಯದಕ್ಕೆ ಒಂದರ ಹಿಂದೊಂದಾಗಿ ಎರಡು ಜೊತೆ ರೆಕ್ಕೆ. ವೈಟ್‌ಹೆಡ್ಡನದಕ್ಕೆ ಬಾವಲಿಯಂಥ ಒಂದೇ ಜೊತೆ. ಇವನ ಯಂತ್ರ ನೆಲದ ಮೇಲೆ ನಿಂತಿರುವ ಚಿತ್ರಗಳು ಚೆನ್ನಾಗಿಯೇ ಇವೆ. ಆಕಾಶದಲ್ಲಿರುವುದು ಮಾತ್ರ ಇದುವರೆಗೆ ದೊರೆತಿಲ್ಲ.