೫೫ನೇ ಬ್ರಿಟಿಷ್ ಪದಾತಿದಳ (ಕೊಡಗು ಯುದ್ಧ, 1834)

ಇಂಗ್ಲೆಂಡಿನ ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತ್ಯದ ಹೆಸರು ಹೊತ್ತಿದ್ದ ಕಾಲಾಳು ಪಡೆ. ಕೊಡಗಿನ ಹಾಲೇರಿ ವಂಶದ ಅರಸ ಚಿಕ್ಕವೀರರಾಜನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ ಕೈಗೊಂಡ ಏಪ್ರಿಲ್ 1834ರ ದಂಡಯಾತ್ರೆಯಲ್ಲಿ ಭಾಗವಹಿಸಿತು. ಕಂಪನಿಯ ಸೈನ್ಯ ಬೇರೆ ಬೇರೆ ದಾರಿಗಳಿಂದ ಕೊಡಗನ್ನು ಹೊಕ್ಕಿತು. ಈ ಪಡೆ ಕರ್ನಲ್ ವಾ ಮುಂದಾಳತ್ವದ ಉತ್ತರದ ದಂಡಿನಲ್ಲಿತ್ತು.

ಏಪ್ರಿಲ್ 3ರಂದು ದಂಡು ಬಕ್ಕದ ಕಾವಲು ಕೋಟೆಯ ಮೇಲೆ ಏರಿಹೋಯಿತು. ಕಾಡಿನ ನಡುವೆ ಮರದ ದಿಮ್ಮಿ, ಮಣ್ಣುಗಳಿಂದ ಭದ್ರಪಡಿಸಿದ ಈ ನೆಲೆಯನ್ನು ಮಾದಂತ ಅಪ್ಪಚ್ಚುವಿನ ಮುಂದಾಳತ್ವದಲ್ಲಿ ಕೊಡವ ಯೋಧರು ಕಾಯುತ್ತಿದ್ದರು. ಮರೆಯಿಂದ ಬಂದ ಗುಂಡುಗಳಿಗೆ ದಾರಿಯಲ್ಲಿ ಸಿಕ್ಕಿಕೊಂಡ ಸಿಪಾಯಿಗಳೂ ಬಿಳಿಯ ಸೈನಿಕರೂ ಉರುಳಿದರು. ಪಡೆಯ ಲೆಫ್ಟಿನೆಂಟ್ ಕರ್ನಲ್ ಮಿಲ್ ಸತ್ತ. ಕೊನೆಗೆ ದಂಡು ಹಿಂದೆ ಸರಿಯಿತು. ಇಡೀ ಯುದ್ಧದಲ್ಲಿ ಕೊಡಗಿನವರ ಧೈರ್ಯ ಇಷ್ಟು ಸ್ಪಷ್ಟವಾಗಿ ಕಂಡ ಇನ್ನೊಂದು ಸಂದರ್ಭ ವಿರಳ. ಅದು ಇತಿಹಾಸದಲ್ಲಿ ದೊಡ್ಡ ಅಕ್ಷರದಲ್ಲಿ ಉಳಿಯಬೇಕಾದ ದಿನ.

ಆದರೆ ಪೂರ್ವದಿಂದ ಬಂದ ಕರ್ನಲ್ ಲಿಂಡ್ಸೆಯ ದಂಡು ಏಪ್ರಿಲ್ 6ರಂದು ಮಡಿಕೇರಿ ಹೊಕ್ಕಿತು. ಅರಸ ಕೆಲವೇ ದಿನಗಳಲ್ಲಿ ಶರಣಾದ. ಮೇ 7ರಂದು ಕೊಡಗು ಕಂಪನಿ ಆಡಳಿತಕ್ಕೆ ಸೇರಿದೆಯೆಂದು ಕಂಪನಿಯ ಅಧಿಕಾರಿ ಫ್ರೇಸರ್ ಘೋಷಿಸಿದ. ಘಟ್ಟದ ಕೆಳಗಿನ ಅಮರ ಸುಳ್ಯ ಭಾಗ ಕೆನರಾ ಜಿಲ್ಲೆಗೆ ಹೋಯಿತು. 1837ರಲ್ಲಿ ಅಲ್ಲಿಂದಲೇ ಬಂಡಾಯ ಎದ್ದಿತು.

ಇದೇ ೫೫ನೇ ಪಡೆ ಮುಂದೆ ಚೀನಾದ ಮೊದಲ ಅಫೀಮು ಯುದ್ಧದಲ್ಲಿ ಕಾದಾಡಿತು. 1881ರಲ್ಲಿ ೩೪ನೇ ಪಡೆಯೊಡನೆ ಸೇರಿ ಬಾರ್ಡರ್ ರೆಜಿಮೆಂಟ್ ಆಯಿತು.