ಗುಂಡು, ನೂಲು, ಗುಳ್ಳೆ

ಮನೆ ಕಟ್ಟಿಸುವಾಗ ಗೃಹಪ್ರವೇಶಕ್ಕೆ ಮುಂಚೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಎರಡೇ ಸಲ. ಗುದ್ದಲಿಪೂಜೆಗೆ ಒಮ್ಮೆ, ಬಾಗಿಲು ನಿಲ್ಲಿಸುವ ದಿನ ಇನ್ನೊಮ್ಮೆ. ಆ ದಿನ ದಾರಂದಕ್ಕೆ ಅರಿಸಿನ ಬಳಿಯುತ್ತೇವೆ, ಕುಂಕುಮ ಇಡುತ್ತೇವೆ, ಮಾವಿನೆಲೆ ಕಟ್ಟುತ್ತೇವೆ. ಹೊಸ್ತಿಲ ಕೆಳಗೆ ನವಧಾನ್ಯ, ನಾಣ್ಯ ಹಾಕಿ ಆರತಿ ಬೆಳಗಿದರೆ ನಮ್ಮ ಪಾಲಿನದು ಮುಗಿಯಿತು. "ಅಮ್ಮಾ, ಸ್ವಲ್ಪ ಆಚೆ ನಿಂತ್ಕೊಳ್ಳಿ" ಎಂಬ ಮಾತು ಬರುತ್ತದೆ. ಗುಂಡು ಬಿಡುವುದು, ಮಟ್ಟ ನೋಡುವುದು, ಬೆಣೆ ಹೊಡೆಯುವುದು ಗಂಡಸರ ಕೆಲಸ. ಮರುದಿನದಿಂದ ಹಾಲಿನವನಿಗೆ, ಪೇಪರಿನವನಿಗೆ, ಶಾಲೆಯಿಂದ ಬಂದ ಮಕ್ಕಳಿಗೆ ದಿನಕ್ಕೆ ಐವತ್ತು ಸಲ ಆ ಬಾಗಿಲು ತೆಗೆಯುವವರು ಮಾತ್ರ ನಾವು. ಅದು ಕಿರುಗುಟ್ಟಿದರೂ ನೆಲಕ್ಕೆ ಉಜ್ಜಿದರೂ ಮೊದಲು ಗೊತ್ತಾಗುವುದು ನಮ್ಮ ಕೈಗೆ.

ಬಾಗಿಲಿನ ಚೌಕಟ್ಟಿಗೆ ನಮ್ಮಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಮೈಸೂರು ಕಡೆ ದಾರಂದ, ಬಯಲುಸೀಮೆಯ ಕೆಲವು ಕಡೆ ಬಾಗಿಲುವಾಡ, ಉತ್ತರದಲ್ಲಿ ಚೌಕಟ್ಟು. ಹೊಸ್ತಿಲಿಗಂತೂ ದಿನವೂ ರಂಗೋಲಿ, ಶುಕ್ರವಾರಕ್ಕೊಂದು ಪೂಜೆ. ಹೊಸ ಸೊಸೆ ಸೇರಕ್ಕಿ ಒದ್ದು ಬರುವುದು ಅದನ್ನು ದಾಟಿಯೇ. ಇಷ್ಟೆಲ್ಲ ಪೂಜೆಗೊಳ್ಳುವ ಈ ವಸ್ತು ನೆಟ್ಟಗೆ ನಿಂತಿದೆಯೇ ಎಂದು ನೋಡುವ ವಿದ್ಯೆ ನಮ್ಮ ಕೈಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ನನಗೆ ಸುಮ್ಮನೆ ಹುಟ್ಟಿದ್ದಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಟ್ಟಿ ಮುಗಿಸಿದ ಮನೆಯನ್ನೇ ನಾವು ಕೊಂಡಿದ್ದೆವು. ಬಚ್ಚಲುಮನೆಯ ಕದ ಮೊದಲ ಮಳೆಗಾಲದಿಂದಲೇ ಹಟ ಹಿಡಿಯುತ್ತಿತ್ತು. ಕಟ್ಟಿಸಿದವರನ್ನು ಕೇಳಿದರೆ, "ಮಳೆಗೆ ಮರ ಉಬ್ಬುತ್ತಮ್ಮ, ಬೇಸಿಗೇಲಿ ಸರಿಹೋಗುತ್ತೆ" ಎಂದು ಕದದ ಅಂಚನ್ನು ಒಂದಿಷ್ಟು ಉಜ್ಜಿಸಿ ಕಳಿಸಿದರು. ಒಂದು ಆಷಾಢದ ಬೆಳಿಗ್ಗೆ ಎಪ್ಪತ್ತೆಂಟು ವರ್ಷದ ನಮ್ಮತ್ತೆ ಸ್ನಾನಕ್ಕೆ ಹೋದವರು ಹೊರಗೆ ಬರಲಾಗಲಿಲ್ಲ. ಅಗುಳಿ ತೆಗೆದಿದ್ದರೂ ಕದ ಅಲ್ಲಾಡದು. ಒಳಗೆ ಅವರು ಎಳೆಯುತ್ತಾರೆ, ಹೊರಗೆ ನಾನು ತಳ್ಳುತ್ತೇನೆ. ಪಕ್ಕದ ಮನೆಯ ಹುಡುಗ ಹಾರೆ ತಂದು ಮೀಟುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅತ್ತೆ ಒದ್ದೆ ಸೀರೆಯಲ್ಲಿ, ಬಿಳಿಚಿದ ಮುಖದಲ್ಲಿ, ತಲೆಕೆಳಗಾಗಿ ಇಟ್ಟ ಬಕೆಟ್ಟಿನ ಮೇಲೆ ಕೂತಿದ್ದರು. ಹುಡುಗನನ್ನು ಕಂಡು ಸೆರಗು ಎಳೆದುಕೊಂಡರು, ಏನೂ ಮಾತಾಡಲಿಲ್ಲ.

ಮೈಗೆ ಪೆಟ್ಟಾಗಿರಲಿಲ್ಲ. ಆದರೆ ಅಂದಿನಿಂದ ಅವರು ಬಚ್ಚಲ ಕದ ಹಾಕಿಕೊಳ್ಳುವುದನ್ನೇ ಬಿಟ್ಟರು. ಎಂದೂ ಯಾರೆದುರೂ ತಲೆಗೂದಲು ಕೂಡ ಬಿಚ್ಚದ ಹೆಂಗಸು ಕದ ಅರ್ಧ ತೆರೆದಿಟ್ಟು, ಅದಕ್ಕೊಂದು ಹಳೆಯ ಸೀರೆ ಇಳಿಬಿಟ್ಟು ಸ್ನಾನ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು. ಗಂಡಸರಿಗೆ ಅದೊಂದು ರಿಪೇರಿಯ ಮಾತು, ನಮಗೆ ಮಾನದ ಮಾತು.

ಕೊನೆಗೆ ಹಳೆಯ ಪೇಟೆಯಿಂದ ಒಬ್ಬ ವಯಸ್ಸಾದ ಬಡಗಿಯನ್ನು ಕರೆಸಿದೆ. ಆಚಾರ್ರು ಕದವನ್ನು ನೋಡಲೇ ಇಲ್ಲ. ಚೀಲದಿಂದ ಹಿತ್ತಾಳೆಯ ತೂಗುಗುಂಡು ತೆಗೆದು, ದಾರಂದದ ಕೀಲಿರುವ ಕಂಬದ ನೆತ್ತಿಯಿಂದ ದಾರ ಇಳಿಬಿಟ್ಟರು. ಗುಂಡು ಓಲಾಡಿ ನಿಂತಿತು. "ನೋಡಿಯಮ್ಮಾ, ಆರು ನೂಲು ವಾಲಿದೆ" ಎಂದರು. ಕಂಬದ ಮೇಲ್ತುದಿ ಒಳಕ್ಕೆ ವಾಲಿತ್ತು. ಹಾಗಾಗಿ ಕದದ ಅಗುಳಿಯ ಕಡೆ ಕೆಳಕ್ಕೆ ಜಗ್ಗಿ ನೆಲ ಮುಟ್ಟುತ್ತಿತ್ತು, ಮೇಲಿನ ಮೂಲೆ ಎದುರು ಕಂಬಕ್ಕೆ ಕಚ್ಚುತ್ತಿತ್ತು. ಮಳೆಗೆ ಮರ ಉಬ್ಬುವುದು ನಿಜ. ಆದರೆ ನೆಟ್ಟಗೆ ನಿಂತ ಬಾಗಿಲಿಗೆ ಉಬ್ಬಲು ಸಂದು ಇರುತ್ತದೆ, ವಾಲಿದ್ದಕ್ಕೆ ಇರುವುದಿಲ್ಲ. ಎರಡು ಮಳೆಗಾಲ ನಮಗೆ ಹೇಳಿದ ಸಮಾಧಾನ ಎರಡು ನಿಮಿಷದಲ್ಲಿ ಬಿದ್ದುಹೋಯಿತು. ಅದನ್ನು ಬೀಳಿಸಿದ್ದು ಒಂದು ದಾರ, ಒಂದು ಗುಂಡು.

ನೂಲು ಎಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೆಯ ಒಂದು ಪಾಲು. ನೂಲೇ ಅಳತೆಯಾದ ಈ ಮಾತು ನನ್ನನ್ನು ಪುಸ್ತಕಗಳ ಕಡೆ ಎಳೆಯಿತು. ನಮ್ಮ ಶಿಲ್ಪಶಾಸ್ತ್ರಗಳು ಕಟ್ಟುವ ಕೆಲಸದವರನ್ನು ನಾಲ್ಕಾಗಿ ವಿಂಗಡಿಸುತ್ತವೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ಸೂತ್ರಗ್ರಾಹಿ ಎಂದರೆ ದಾರ ಹಿಡಿದವನು. ಎಂಟನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿ ಕಟ್ಟಿಸಿದಳು. ಈಗಿನ ವಿರೂಪಾಕ್ಷ ದೇವಾಲಯವೇ ಅದು. ಅಲ್ಲಿಯ ಶಾಸನಗಳು ಅದನ್ನು ಕಟ್ಟಿದವನ ಹೆಸರನ್ನೂ ಉಳಿಸಿವೆ: ಗುಂಡ, ಅನಿವಾರಿತಾಚಾರಿ ಎಂಬ ಬಿರುದಿನವನು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ಅವನನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕರೆದಿದೆ. ಗುಂಡ ಎಂಬ ಹೆಸರಿಗೂ ತೂಗುಗುಂಡಿಗೂ ನಾನೇನೂ ನಂಟು ಹಚ್ಚುವುದಿಲ್ಲ. ಆದರೆ ನಮ್ಮ ಬಚ್ಚಲಿಗೆ ಬಂದವರನ್ನು ನಾನು "ಆಚಾರ್ರೇ" ಎಂದು ಕರೆದದ್ದು ಹನ್ನೆರಡು ಶತಮಾನ ದಾಟಿ ಬಂದ ಹೆಸರಿನಿಂದ, ಇದರಲ್ಲಿ ಅನುಮಾನವಿಲ್ಲ. ಅಂದ ಹಾಗೆ ಆ ಗುಡಿ ಕಟ್ಟಿಸಿದ್ದು ಹೆಣ್ಣು ಎಂಬುದನ್ನೂ ಮರೆಯಬೇಡಿ. ಅದರ ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದ ತ್ರೈಲೋಕ್ಯಮಹಾದೇವಿಯೂ ರಾಣಿಯೇ.

ದಾರ ಮತ್ತು ಗುಂಡು ಇನ್ನೂ ಹಳೆಯವು. ಈಜಿಪ್ಟಿನಲ್ಲಿ ರಾಜರ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರದೇ ಒಂದು ಊರಿತ್ತು. ಇಂದು ಅದನ್ನು ದೇರ್ ಎಲ್ ಮೆದೀನಾ ಎನ್ನುತ್ತಾರೆ. ಸುಮಾರು 3,300 ವರ್ಷಗಳ ಹಿಂದೆ ಅಲ್ಲಿದ್ದ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿ 1886ರಲ್ಲಿ ಕದ ಕೂಡ ಕೆಡದೆ ಸಿಕ್ಕಿತು. ಒಳಗೆ ಅವನ ಉಪಕರಣಗಳಿದ್ದವು: ಒಂದು ಮೂಲೆಮಟ್ಟ, ಲಂಬ ನೋಡುವ ಹಲಗೆ, ಮತ್ತು ಎರಡು ಕಾಲು ಅಗಲಿಸಿ ನಿಂತಂಥ, ನಡುವೆ ಅಡ್ಡಪಟ್ಟಿಯುಳ್ಳ ಮಟ್ಟದ ಚೌಕಟ್ಟು. ಅದರ ನೆತ್ತಿಯಿಂದ ಗುಂಡು ಇಳಿಬಿಟ್ಟಾಗ ದಾರ ಅಡ್ಡಪಟ್ಟಿಯ ನಡುಗುರುತಿಗೆ ಬಿದ್ದರೆ ಕಾಲೂರಿದ ನೆಲ ಸಮಮಟ್ಟ. ಅಷ್ಟೇ ಅದರ ಗುಟ್ಟು. ಆ ಸಮಾಧಿಯ ಮರದ ಕದವೂ ಬಣ್ಣಬಣ್ಣದ್ದು. ಅದರ ಮೇಲೆ ಸೆನ್ನೆಜೆಮ್ ತನ್ನ ಹೆಂಡತಿ ಇನೆಫೆರ್ತಿಯ ಜೊತೆ ಕೂತು ಪಗಡೆಯಂಥ ಒಂದು ಆಟ ಆಡುತ್ತಿದ್ದಾನೆ. ಕೆಲಸಗಾರನ ಮನೆಯ ಗಂಡಹೆಂಡಿರು ಮೂರು ಸಾವಿರ ವರ್ಷ ಒಂದು ಕದದ ಮೇಲೆ ಆಟವಾಡುತ್ತ ಕೂತಿರುವುದನ್ನು ನೆನೆದರೆ ನನಗೆ ಪಿರಮಿಡ್ಡಿಗಿಂತ ಅದೇ ದೊಡ್ಡದೆನಿಸುತ್ತದೆ.

ರೋಮನರು ಉದ್ದನೆಯ ಹಲಗೆಗೆ ಗುಂಡುಗಳನ್ನು ತೂಗುಹಾಕಿ, ಗಾಳಿಗೆ ದಾರ ಅಲ್ಲಾಡಿದರೆ ನೋಡಲೆಂದು ಮೇಲೊಂದು ನೀರಿನ ಕಾಲುವೆ ಕೊರೆಯುತ್ತಿದ್ದರು. ವಿಟ್ರೂವಿಯಸ್ ಎಂಬ ವಾಸ್ತುಕಾರ ಇದನ್ನು ಬರೆದಿಟ್ಟಿದ್ದಾನೆ. ಅದಾಗಿ ಬಹುಕಾಲ ಗುಂಡಿನದೇ ಆಳ್ವಿಕೆ. 1660ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ಎಂಬುವನಿಗೆ ಒಂದು ಯೋಚನೆ ಹೊಳೆಯಿತು. ಗಾಜಿನ ಕೊಳವೆಯಲ್ಲಿ ಮದ್ಯಸಾರ ತುಂಬಿ, ಒಂದು ಗುಳ್ಳೆಯಷ್ಟು ಗಾಳಿ ಬಿಟ್ಟು ಬಾಯಿ ಮುಚ್ಚಿದರೆ, ಗುಳ್ಳೆ ಯಾವಾಗಲೂ ಎತ್ತರದ ಕಡೆಗೇ ಓಡುತ್ತದೆ. ಅದು ನಡುವೆ ನಿಂತರೆ ಮಟ್ಟ. ನೀರಾದರೆ ಚಳಿಗೆ ಹೆಪ್ಪುಗಟ್ಟಿ ಗಾಜು ಒಡೆಯುತ್ತದೆ, ಮದ್ಯಸಾರಕ್ಕೆ ಆ ಭಯವಿಲ್ಲ. ಈ ಉಪಕರಣದ ವಿವರ 1666ರಲ್ಲಿ ಅಚ್ಚಾಯಿತು. ಅದೇ 1666ರಲ್ಲಿ ಅವನ ಬಳಗದ ಕಿರಿಯ ಜಾನ್ ತೆವೆನೋ ಸೂರತ್ತಿನಲ್ಲಿ ಹಡಗಿಳಿದು, ದಖ್ಖನ್ನಿನ ದಾರಿ ಹಿಡಿದು ಗೋಲ್ಕೊಂಡದವರೆಗೆ ಬಂದಿದ್ದ. ಅವನು ಬರೆದ ಪ್ರವಾಸಕಥನ ಪ್ರಸಿದ್ಧವಾಯಿತು, ಹಿರಿಯನ ಗುಳ್ಳೆ ಮಾತ್ರ ಕಾರ್ಖಾನೆ, ಮೋಜಣಿಗಳಲ್ಲಿ ನೆಲೆಯಾಗಲು ಮುಂದಿನ ಶತಮಾನವೇ ಬೇಕಾಯಿತು.

ನಮ್ಮ ನೆಲದಲ್ಲೂ ಮೋಜಣಿಯ ದೊಡ್ಡ ಕಥೆಯಿದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಬೆಂಗಳೂರಿನ ಹತ್ತಿರ 100 ಅಡಿಯ ಉಕ್ಕಿನ ಸರಪಳಿ ಹಾಸಿ ಮೈಲಿಗಟ್ಟಲೆ ಮೂಲರೇಖೆ ಅಳೆದ. 1802ರಲ್ಲಿ ಮದರಾಸಿನಿಂದ ದೇಶವನ್ನೇ ಅಳೆಯುವ ತ್ರಿಕೋನಮಿತಿ ಮೋಜಣಿ ಶುರುವಾಯಿತು. ಕೋನ ನೋಡುವ ಅವನ ಥಿಯೋಡೊಲೈಟು ಅರ್ಧ ಟನ್ ಭಾರದ್ದು. ಎಷ್ಟು ಭಾರವಾದರೇನು, ಅಂಥ ಯಂತ್ರವನ್ನು ಮಟ್ಟಸವಾಗಿ ಕೂರಿಸದೆ ಅದರ ಲೆಕ್ಕ ನಂಬುವಂತಿಲ್ಲ. ಅದೇ ಗುಳ್ಳೆ ಇಂದು ನಮ್ಮ ಗಾರೆಯವರ ಚೀಲದಲ್ಲಿ ರಸಮಟ್ಟ ಎಂಬ ಚೆಂದದ ಕನ್ನಡ ಹೆಸರಿನಿಂದ ಇದೆ. ಒಳಗಿರುವುದು ಪಾದರಸವೆಂದು ಕೆಲವರು ತಿಳಿಯುತ್ತಾರೆ. ಅಲ್ಲ, ಬಣ್ಣ ಬೆರೆಸಿದ ತೆಳು ದ್ರವ ಅಷ್ಟೆ.

ಹಳೆಯ ಗುಡಿಗಳ ಹೊಸ್ತಿಲ ಮೂಲೆಯಲ್ಲಿ ಗುಂಡನೆಯ ಕುಳಿ ನೋಡಿರುತ್ತೀರಿ. ಕದದ ಮೊಳಕೆಯಂಥ ತುದಿ ಆ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಆಮೇಲೆ ಕಬ್ಬಿಣದ ಕೀಲು ಬಂತು, ನಮ್ಮ ಬಡಗಿಗಳ ಬಾಯಲ್ಲಿ ಹಿಂಜಸ್. ಈಗ ದಾರಂದ, ಕದ, ಹಿಂಜಸ್ ಮೂರನ್ನೂ ಕಾರ್ಖಾನೆಯಲ್ಲೇ ಜೋಡಿಸಿದ ಸಿದ್ಧ ಬಾಗಿಲು ಬಂದಿದೆ. ಅಂಗಡಿಯವರು "ತಂದು ನಿಲ್ಲಿಸಿದರೆ ಆಯ್ತು" ಎನ್ನುತ್ತಾರೆ. ಕದವನ್ನು ದಾರಂದಕ್ಕೆ ಹೊಂದಿಸುವ ಕೆಲಸ ಉಳಿಯುತ್ತದೆ ನಿಜ, ಆದರೆ ನಿಲ್ಲಿಸುವ ಕೆಲಸ ಸೆನ್ನೆಜೆಮ್‌ನ ಕಾಲದಲ್ಲಿ ಹೇಗಿತ್ತೋ ಹಾಗೇ ಇದೆ. ನಮ್ಮ ಬಚ್ಚಲಿಗೂ ನೀರಿಗೆ ಉಬ್ಬದ ಅಂಥದೊಂದು ಬಾಗಿಲನ್ನೇ ತರಿಸಿದೆವು. ಈ ಸಲ ನಾನು ಆಚೆ ಹೋಗಿ ನಿಲ್ಲಲಿಲ್ಲ.

ಆಚಾರ್ರು ಮಾಡಿದ ಕ್ರಮ ಹೀಗೆ. ಗೋಡೆಯ ಕಂಡಿ ದಾರಂದದ ಹೊರ ಅಳತೆಗಿಂತ ಒಂದು ಅಂಗುಲ ಅಗಲವಿರಬೇಕು, ಎರಡೂ ಬದಿಗೆ 4 ನೂಲು ಸಂದು ಸಿಗುವಂತೆ. ಮೊದಲು ರಸಮಟ್ಟವನ್ನೇ ಪರೀಕ್ಷಿಸಿದರು. ಒಂದು ಕಡೆ ಇಟ್ಟು ಗುಳ್ಳೆ ನೋಡುವುದು, ಅದೇ ಜಾಗದಲ್ಲಿ ತಲೆ ಬಾಲ ತಿರುಗಿಸಿ ಇಟ್ಟು ಮತ್ತೆ ನೋಡುವುದು. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಂತರೆ ಮಟ್ಟ ನಂಬಿಕಸ್ತ. ಆಮೇಲೆ ನೆಲ: ಎರಡು ಕಂಬ ಕೂರುವ ಜಾಗ ಸಮವಿದೆಯೇ ನೋಡಿ, ತಗ್ಗಿದ ಕಡೆ ತೆಳುಪಟ್ಟಿ ಕೊಟ್ಟರು. ಕೀಲಿನ ಕಂಬ ಮೊದಲು, ಯಾವಾಗಲೂ ಅದೇ ಮೊದಲು. ಅದಕ್ಕೆ ಗುಂಡು ಬಿಟ್ಟು, ಗೋಡೆಯ ಉದ್ದಕ್ಕೂ ನೋಡಿದರು, ಗೋಡೆಯ ದಪ್ಪಕ್ಕೂ ನೋಡಿದರು. ಪ್ರತಿ ಹಿಂಜಸಿನ ಹಿಂದೆ ಎರಡೆರಡು ಬೆಣೆ, ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ಒಂದೇ ಬೆಣೆಯಾದರೆ ಕಂಬ ತಿರುಚಿಕೊಳ್ಳುತ್ತದಂತೆ. ಬಳಿಕ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದರು. ಎರಡೂ ಒಂದೇ ಆದರೆ ಚೌಕ ನೇರ. ಕದ ಮುಚ್ಚಿ, ಸುತ್ತ ಒಂದು ನೂಲು ಸಂದು ಎಲ್ಲ ಕಡೆ ಒಂದೇ ಇರುವಂತೆ ಎದುರು ಕಂಬವನ್ನು ಬೆಣೆಯಿಂದ ಹೊಂದಿಸಿದರು. ಇಷ್ಟಾದ ಮೇಲೆ ಸ್ಕ್ರೂ. ಸಂದು ತುಂಬುವ ನೊರೆಯನ್ನು ಸ್ವಲ್ಪವೇ ಬಿಟ್ಟರು. ಅದು ಉಬ್ಬುತ್ತದೆ, ಹೆಚ್ಚಾದರೆ ದಾರಂದವನ್ನೇ ಒಳಕ್ಕೆ ಬಗ್ಗಿಸುತ್ತದೆ. ಕೊನೆಯ ಪರೀಕ್ಷೆ, ಕದವನ್ನು ಅರ್ಧ ತೆರೆದು ಕೈಬಿಡುವುದು. ತಾನಾಗಿ ಮುಚ್ಚಿಕೊಂಡರೂ ತೆರೆದುಕೊಂಡರೂ ಕಂಬ ವಾಲಿದೆಯೆಂದು ಅರ್ಥ. ನಮ್ಮದು ಬಿಟ್ಟಲ್ಲೇ ನಿಂತಿತು.

ಅಂದು ಕೆಲಸಕ್ಕೆ ಸಿಮೆಂಟು ಕಲಸಲು ಬಂದಿದ್ದ ಹೆಂಗಸು ಹದಿನೈದು ವರ್ಷದಿಂದ ಗಾರೆ ಕೆಲಸದಲ್ಲಿರುವವಳು. ಇಟ್ಟಿಗೆ, ಗಾರೆ ಹೊರುವುದು, ನೀರು ಹಾಕುವುದು ಅವಳ ಪಾಲು. ಆಚಾರ್ರು ಬೆಣೆ ಹೊಡೆಯುವಾಗ ಅವಳು ಬಾಂಡ್ಲಿ ಕೆಳಗಿಟ್ಟು, "ಎಡಕ್ಕೆ ಅರ್ಧ ನೂಲು ಬೇಕು, ಆಚಾರ್ರೇ" ಎಂದಳು. ಅವರು ಗುಂಡು ನೋಡಿ, ಮಾತಾಡದೆ ಎಡಕ್ಕೆ ಒಂದು ಪೆಟ್ಟು ಕೊಟ್ಟರು. ದಾರ ಗುರುತಿಗೆ ಬಂತು. "ನಿಂಗೆ ಯಾರು ಕಲಿಸಿದ್ರು?" ಎಂದು ಕೇಳಿದೆ. "ಯಾರು ಕಲಿಸ್ತಾರಕ್ಕಾ, ದಿನಾ ನೋಡ್ತೀನಲ್ಲ" ಎಂದಳು. ಅವಳ ಕೂಲಿ ಮೇಸ್ತ್ರಿಯ ಕೂಲಿಯ ಅರ್ಧವೂ ಇರಲಿಲ್ಲ. ಲೋಕಮಹಾದೇವಿಯ ಹೆಸರು ಕಲ್ಲಿನಲ್ಲಿದೆ, ಸೂತ್ರ ಹಿಡಿದವನ ಹೆಸರೂ ಇದೆ. ಆ ಗುಡಿಗೆ ಕಲ್ಲು ಮಣ್ಣು ಹೊತ್ತವರಲ್ಲಿ ಕಣ್ಣಳತೆಯಲ್ಲೇ ಅರ್ಧ ನೂಲು ಹಿಡಿಯುವ ಹೆಂಗಸರು ಇದ್ದಿರಲಾರರೆಂದು ನಾನು ನಂಬಲಾರೆ.

ಅತ್ತೆ ಒಂದು ವಾರ ಹೊಸ ಕದವನ್ನು ಹಾಕಿ ತೆಗೆದು ನೋಡಿದರು. ಎಂಟನೆಯ ದಿನ ಒಳಗಿನಿಂದ ಅಗುಳಿ ಹಾಕಿಕೊಂಡ ಸದ್ದು ಅಡಿಗೆಮನೆಗೆ ಕೇಳಿಸಿತು.

ತೂಗುಗುಂಡು ದುಬಾರಿ ವಸ್ತುವಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ದಾರಕ್ಕೊಂದು ಬೀಗದಕೈ ಗೊಂಚಲು ಕಟ್ಟಿದರೂ ನಡೆಯುತ್ತದೆ. ಬಾಡಿಗೆಗೋ ಕ್ರಯಕ್ಕೋ ಮನೆ ನೋಡಲು ಹೋದಾಗ ಬಾಗಿಲಿನ ಕೀಲಿನ ಕಂಬಕ್ಕೆ ಅದನ್ನೊಮ್ಮೆ ಇಳಿಬಿಟ್ಟು ನೋಡಿ. ಮನೆ ತೋರಿಸುವವರು ನಗಬಹುದು, ನಗಲಿ. ದಾರ ನಿಂತ ಮೇಲೆ ಮಾತಾಡೋಣ ಎನ್ನಿ.