ಬೀದಿಗೆ ಮರಳುವ ಹೊಂಗೆ

ಚಳಿ ಮುಗಿಯುತ್ತಿದ್ದಂತೆ ಬೆಂಗಳೂರಿನ ರಸ್ತೆಗಳು ಗುಲಾಬಿ, ಹಳದಿ, ತಿಳಿನೇರಳೆ ಬಣ್ಣ ತಳೆಯುತ್ತವೆ. ಇದು ಈ ಊರಿನ ಮಣ್ಣಿನದೇ ಸೊಬಗು ಎಂದು ನೋಡುವವರು ಭಾವಿಸುವುದು ಸಹಜ. ಆದರೆ ಜಕರಾಂಡದ ತವರು ದಕ್ಷಿಣ ಅಮೆರಿಕ, ಗುಲ್‌ಮೊಹರ್‌ನದು ಮಡಗಾಸ್ಕರ್ ದ್ವೀಪ. ತಬೂಬಿಯಾ ಮತ್ತು ಮಳೆಮರಗಳೂ ಅಮೆರಿಕದ ಕಡೆಯಿಂದಲೇ ಬಂದವು.

ಹೊರನಾಡಿನ ಗಿಡ ತರಿಸುವ ಹವ್ಯಾಸ ಇಲ್ಲಿ ಹಳೆಯದು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಪ್ಪುವಿನ ಕಾಲದಲ್ಲೂ ದೂರದೇಶಗಳ ಸಸಿಗಳು ಬಂದಿದ್ದವು. ಅದಕ್ಕೆ ನಗರವ್ಯಾಪಿ ಯೋಜನೆಯ ರೂಪ ಕೊಟ್ಟವನು ಜರ್ಮನಿಯ ಜಿ.ಎಚ್. ಕೃಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಈತ, ಒಂದು ಜಾತಿಯ ಹೂವು ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದ. ಕಣ್ಣಿಗೆ ಅದು ಹಬ್ಬವೇ ಸರಿ.

ಅದಕ್ಕೂ ಮುಂಚೆ ಈ ಸೀಮೆಯ ಹಳ್ಳಿಗಳಲ್ಲಿ ಬೇರೊಂದು ಲೆಕ್ಕಾಚಾರವಿತ್ತು. ಅದರ ಹೆಸರು ಗುಂಡುತೋಪು. ಊರ ಹೊರಗೆ, ಸಾಮಾನ್ಯವಾಗಿ ಕೆರೆಯ ಹತ್ತಿರ, ಮಾವು, ಹಲಸು, ನೇರಳೆ, ಹಿಪ್ಪೆ, ಹೊಂಗೆ, ಹುಣಸೆಗಳು ಬೆಳೆದಿರುತ್ತಿದ್ದವು. ದನ ಕಾಯುವವರಿಗೆ ನೆರಳು, ಗಾಡಿಯವರಿಗೆ ತಂಗುದಾಣ, ಮಕ್ಕಳಿಗೆ ಹಣ್ಣು. ಹೊಂಗೆಯ ಬೀಜದಿಂದ ದೀಪದ ಎಣ್ಣೆ ಬರುತ್ತಿತ್ತು, ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಮುತ್ತುಗದ ಎಲೆ ಊಟಕ್ಕೆ, ಅರಳಿಯ ಬುಡ ನಾಗರಕಲ್ಲಿಗೆ. ನಗರ ಬೆಳೆದು ಹಳ್ಳಿಗಳನ್ನು ನುಂಗಿದಾಗ ತೋಪುಗಳಿದ್ದ ಎಷ್ಟೋ ಜಾಗಗಳಲ್ಲಿ ಬಡಾವಣೆ, ಶಾಲೆ, ಬಸ್ ನಿಲ್ದಾಣಗಳು ಎದ್ದವು. ಮರದ ಜೊತೆಗೆ ಮರವನ್ನು ಬಳಸುವ ಬಗೆಯೂ ಹೋಯಿತು. ನಿಜವಾದ ನಷ್ಟ ಇದೇ ಇರಬೇಕು.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅದೇ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪಶ್ಚಿಮಘಟ್ಟದ ಮರಗಳ ಕಿರುಕಾಡೊಂದು ತಲೆಯೆತ್ತಿತು. ಅದು ಚೆನ್ನಾಗಿಯೇ ಬೆಳೆದಿದೆ. ಆದರೆ ‘ದೇಶಿ ಗಿಡ’ ಎಂಬ ಮಾತು ಎಷ್ಟು ಸಡಿಲ ಎಂಬುದಕ್ಕೆ ಇದೇ ನಿದರ್ಶನ. ಮಲೆನಾಡಿನ ಮರವೂ ಬಯಲುಸೀಮೆಯ ಬೆಂಗಳೂರಿಗೆ ಒಂದರ್ಥದಲ್ಲಿ ಅತಿಥಿಯೇ. ಅಷ್ಟೇಕೆ, ನಮ್ಮ ಸಾರಿನ ಹುಣಸೆಯ ಮೂಲವೂ ಆಫ್ರಿಕ! ಸಾವಿರಾರು ವರ್ಷಗಳ ಸಹವಾಸದಿಂದ ಅದು ನೆಂಟಸ್ತನ ಬಿಟ್ಟು ಮನೆಯದಾಗಿದೆ.

ಈಚಿನ ವರ್ಷಗಳಲ್ಲಿ ಪ್ರಯತ್ನಗಳು ಬಡಾವಣೆಯ ಮಟ್ಟಕ್ಕೆ ಇಳಿದಿವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರ ನಂತರ ಪಾಲಿಕೆ ಹಾಗೂ ನಿವಾಸಿಗಳು ಸೇರಿ ಪುನರುಜ್ಜೀವಗೊಳಿಸಿದಾಗ, ದಂಡೆಗೆ ಸ್ಥಳೀಯ ಜಾತಿಯ ಮರಗಳನ್ನೇ ಆರಿಸಲಾಯಿತು. ಕೆರೆಯ ಸುತ್ತ ಇದು ಸುಲಭ. ಬೀದಿಯಲ್ಲಿ ಅಷ್ಟು ಸುಲಭವಲ್ಲ. ಆಲ, ಅರಳಿಗಳ ಬೇರಿಗೆ ಕಾಲುದಾರಿ ಸಾಲದು. ಅತ್ತಿಯ ಹಣ್ಣು ಕಾರಿನ ಮೇಲೆ ಬೀಳುತ್ತದೆ, ನೇರಳೆ ನೆಲಕ್ಕೆ ಕಲೆ ಹಚ್ಚುತ್ತದೆ ಎಂದು ದೂರುವವರುಂಟು. ಅದೇ ಹಣ್ಣಿಗಾಗಿ ಕುಟ್ರ ಹಕ್ಕಿ, ಕೋಗಿಲೆ, ಬಾವಲಿಗಳು ಬರುತ್ತವೆ ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ.

ಹೀಗಾಗಿ ಬೀದಿಗೆ ಹೊಂದುವ ಮರವೆಂದರೆ ಮತ್ತೆ ಹೊಂಗೆ. ಎತ್ತರ ಸಾಧಾರಣ, ನೆರಳು ದಟ್ಟ, ಬೇರುಗಂಟಿನಲ್ಲಿ ಸಾರಜನಕ ಹಿಡಿದಿಟ್ಟು ಮಣ್ಣಿಗೂ ಉಪಕಾರ. ಆದರೂ ಇದರ ಮೇಲೊಂದು ಆಕ್ಷೇಪವಿದೆ. ಎಲೆಗಳ ಮೇಲೆ ಗಂಟು, ಬಿಳಿ ಗೆರೆ ಕಂಡೊಡನೆ ರೋಗ ಬಡಿಯಿತೆಂದು ಔಷಧಿ ಹೊಡೆಸಲು ಹೊರಡುವವರಿದ್ದಾರೆ. ಗಂಟು ಕಟ್ಟುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಗೆರೆ ಎಳೆಯುವುದು ಎಲೆಯೊಳಗೆ ಸುರಂಗ ಕೊರೆಯುವ ಮರಿಹುಳು. ಮರಕ್ಕೆ ಇದರಿಂದ ದೊಡ್ಡ ಹಾನಿಯಿಲ್ಲ. ಯುಗಾದಿಯ ಆಸುಪಾಸಿಗೆ ಹಳೆಯ ಎಲೆಗಳೆಲ್ಲ ಉದುರಿ, ಗಿಣಿಹಸಿರು ಚಿಗುರಿನ ಜೊತೆ ಹೂಗೊಂಚಲು ಮೂಡುತ್ತದೆ. ಜೇನುನೊಣಗಳ ಝೇಂಕಾರ ಕೆಳಗೆ ನಿಂತವರ ಕಿವಿಗೂ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ರಸ್ತೆಯ ಮೇಲೆ ಅಕ್ಕಿ ಚೆಲ್ಲಿದಂತೆ ಹೂವಿನ ಹಾಸು. ಪೊರಕೆ ಹಿಡಿದವರು ಅದನ್ನು ಗುಡಿಸಿ, ಇತರ ಕಸದ ಜೊತೆ ಗಾಡಿಗೆ ತುಂಬುತ್ತಾರೆ.